ಹೆರಿಗೆಯಲ್ಲಿ ಮಗುವಿನ ಮೆದುಳಿಗೆ ಪೆಟ್ಟಾದರೆ: ಕಾನೂನಿನಲ್ಲಿ ನಮಗಿರುವ ದಾರಿಗಳು



ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಯಾವ ಊರಿಗೆ ಹೋದರೂ ಒಂದೋ ಎರಡೋ ಮನೆಯಲ್ಲಿ ಇಂಥ ಮಗು ಇದ್ದೇ ಇರುತ್ತದೆ. ವರ್ಷ ಮೂರಾದರೂ ಕತ್ತು ನಿಲ್ಲುವುದಿಲ್ಲ, ಕಾಲು ಕತ್ತರಿ ಹಾಕಿಕೊಂಡು ಬಿಗಿಯಾಗಿರುತ್ತವೆ, ಜೊಲ್ಲು ಸುರಿಯುತ್ತದೆ, ಮಾತು ಬರುವುದಿಲ್ಲ. ಕೇಳಿದರೆ ತಾಯಿ ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ಹುಟ್ಟಿದಾಗ ಅಳಲಿಲ್ಲ ಕಣಕ್ಕ." ಮನೆಯವರು, ಬಂಧುಗಳು ಹೇಳುವುದೂ ಒಂದೇ: "ಗ್ರಹಣದಲ್ಲಿ ಹೊರಗೆ ಬಂದಿದ್ಳು", "ಹೆರಿಗೆ ಹೊತ್ತಲ್ಲಿ ಸರಿಯಾಗಿ ಮುಕ್ಕಲಿಲ್ಲ", "ಇವಳ ಹಣೆಬರಹ". ಕೊನೆಗೆ ಭಾರವೂ ತಾಯಿಯದೇ, ಅಪವಾದವೂ ತಾಯಿಯದೇ ಆಗುತ್ತದೆ.

ಈ ಸಲದ ಲೇಖನದಲ್ಲಿ ನಾವು ಎರಡು ವಿಷಯ ತಿಳಿದುಕೊಳ್ಳೋಣ. ಒಂದು, ಆಸ್ಪತ್ರೆಯ ನಿರ್ಲಕ್ಷ್ಯದಿಂದ ಮಗುವಿಗೆ ಹೀಗಾಗಿದ್ದರೆ ಪರಿಹಾರ ಕೇಳುವುದು ಹೇಗೆ. ಎರಡು, ನಿರ್ಲಕ್ಷ್ಯ ಇರಲಿ ಇಲ್ಲದಿರಲಿ, ಈ ಮಗುವಿಗೆ ಕಾನೂನು ಕೊಟ್ಟಿರುವ ಹಕ್ಕುಗಳು ಯಾವುವು. ಎರಡನೆಯದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತೇ ಇಲ್ಲ.

ಈ ತೊಂದರೆ ಏನು?

ಇದನ್ನು ಸೆರೆಬ್ರಲ್ ಪಾಲ್ಸಿ ಅನ್ನುತ್ತಾರೆ, ಕನ್ನಡದಲ್ಲಿ ಮೆದುಳಿನ ಪಾರ್ಶ್ವವಾಯು. ಬೆಳೆಯುತ್ತಿರುವ ಮೆದುಳಿಗೆ ಪೆಟ್ಟಾಗಿ ಕೈಕಾಲಿನ ಚಲನೆ, ಬಿಗಿತ, ಸಮತೋಲ ಕೆಡುವುದೇ ಈ ತೊಂದರೆ. ಇದು ಅಂಟುರೋಗ ಅಲ್ಲ, ಶಾಪವೂ ಅಲ್ಲ. ಮೆದುಳಿನ ಪೆಟ್ಟು ಮುಂದೆ ಹೆಚ್ಚಾಗುತ್ತಾ ಹೋಗುವುದಿಲ್ಲ. ಆದರೆ ವ್ಯಾಯಾಮ, ಚಿಕಿತ್ಸೆ ಇಲ್ಲದಿದ್ದರೆ ಕೈಕಾಲು ಇನ್ನೂ ಸೊಟ್ಟಗಾಗುತ್ತವೆ. ಎಲ್ಲಾ ಮಕ್ಕಳಿಗೂ ಬುದ್ಧಿ ಕಡಿಮೆ ಇರುತ್ತದೆ ಅನ್ನುವುದೂ ತಪ್ಪು. ಮಾತು ಬಾರದಿದ್ದರೂ ಎಲ್ಲಾ ಅರ್ಥವಾಗುವ ಮಕ್ಕಳು ಬಹಳ ಇದ್ದಾರೆ.

ಕಾರಣಗಳು ಹಲವು. ಗರ್ಭದಲ್ಲಿರುವಾಗಲೇ ಸೋಂಕು ಅಥವಾ ಮೆದುಳಿನ ಬೆಳವಣಿಗೆಯ ದೋಷ ಇರಬಹುದು. ತಿಂಗಳು ತುಂಬುವ ಮೊದಲೇ ಹುಟ್ಟಿರಬಹುದು. ಹೆರಿಗೆ ಹೊತ್ತಿನಲ್ಲಿ ಉಸಿರುಗಟ್ಟಿರಬಹುದು. ಹುಟ್ಟಿದ ಮೊದಲ ವಾರದ ಕಾಮಾಲೆ ವಿಪರೀತಕ್ಕೆ ಹೋಗಿರಬಹುದು, ಅಥವಾ ಮೆದುಳು ಜ್ವರ ಬಂದಿರಬಹುದು. ಎಷ್ಟೋ ಮಕ್ಕಳಲ್ಲಿ ಕಾರಣ ಗೊತ್ತೇ ಆಗುವುದಿಲ್ಲ. ಹಾಗಾಗಿ "ಹುಟ್ಟಿದಾಗ ಅಳಲಿಲ್ಲ, ಆದ್ದರಿಂದ ಡಾಕ್ಟರದೇ ತಪ್ಪು" ಅಂತ ನೇರವಾಗಿ ಹೇಳಲಿಕ್ಕಾಗದು. ಅದೇ ರೀತಿ "ಇದೆಲ್ಲ ನಿಮ್ಮ ಕರ್ಮ, ಆಸ್ಪತ್ರೆಯದೇನೂ ಇಲ್ಲ" ಅಂತ ಅವರು ಹೇಳಿದ್ದನ್ನೂ ಹಾಗೇ ಒಪ್ಪಬೇಕಾಗಿಲ್ಲ. ಕಾಗದಪತ್ರ ನೋಡಿಯೇ ತೀರ್ಮಾನ ಮಾಡಬೇಕು.

ನಿರ್ಲಕ್ಷ್ಯ ಅಂದರೆ ಯಾವುದು?

ಹೆರಿಗೆಯ ಫಲ ಕೆಟ್ಟದಾದ ಮಾತ್ರಕ್ಕೆ ಅದು ನಿರ್ಲಕ್ಷ್ಯ ಆಗುವುದಿಲ್ಲ. ನ್ಯಾಯಾಲಯ ಕೇಳುವ ಪ್ರಶ್ನೆ ಹೀಗಿರುತ್ತದೆ: ಆ ಪರಿಸ್ಥಿತಿಯಲ್ಲಿ ಸಾಧಾರಣ ತಿಳಿವಳಿಕೆಯ ಒಬ್ಬ ಡಾಕ್ಟರ್ ಅಥವಾ ನರ್ಸ್ ಏನು ಮಾಡಬೇಕಿತ್ತು? ಇವರು ಅದನ್ನು ಮಾಡಿದರೇ? ಮಾಡದೇ ಇದ್ದದ್ದರಿಂದಲೇ ಮಗುವಿಗೆ ಈ ಹಾನಿ ಆಯಿತೇ? ಮೂರೂ ಸಾಬೀತಾಗಬೇಕು.

ಅನುಮಾನ ಪಡಬೇಕಾದ ಕೆಲವು ಸಂದರ್ಭಗಳು ಇವು. ನೋವು ಬಂದು ಗಂಟೆಗಟ್ಟಲೆ ಆದರೂ ಯಾರೂ ಮಗುವಿನ ಎದೆಬಡಿತ ನೋಡದಿರುವುದು. ಎದೆಬಡಿತ ಇಳಿದಿದೆ ಅಂತ ಗೊತ್ತಾದ ಮೇಲೂ ಸಿಸೇರಿಯನ್ ತಡ ಮಾಡುವುದು. ನೋವು ಹೆಚ್ಚಿಸುವ ಡ್ರಿಪ್ ಹಾಕಿ ನೋಡಿಕೊಳ್ಳದೆ ಬಿಡುವುದು. ತಮ್ಮಲ್ಲಿ ಸೌಲಭ್ಯ ಇಲ್ಲ ಅಂತ ಗೊತ್ತಿದ್ದೂ ದೊಡ್ಡಾಸ್ಪತ್ರೆಗೆ ಕಳಿಸದೆ ಕೂರಿಸಿಕೊಳ್ಳುವುದು. ಅಳದ ಮಗುವಿಗೆ ಕೂಡಲೇ ಉಸಿರು ಕೊಡುವವರು ಇಲ್ಲದಿರುವುದು. ಮೈಯೆಲ್ಲ ಹಳದಿಯಾದರೂ "ಬಿಸಿಲಿಗೆ ಹಿಡೀರಿ" ಅಂತ ಪರೀಕ್ಷೆ ಮಾಡದೆ ಮನೆಗೆ ಕಳಿಸುವುದು.

ಮೊದಲ ಕೆಲಸ: ಕಾಗದಪತ್ರ ಕೈಗೆ ತೆಗೆದುಕೊಳ್ಳುವುದು

ವಕೀಲರ ಹತ್ತಿರ ಹೋಗುವುದಕ್ಕೂ ಮೊದಲು ಈ ಕೆಲಸ ಆಗಬೇಕು. ಬೇಕಾದ ಕಾಗದಗಳು ಇವು:

- ತಾಯಿ ಕಾರ್ಡ್, ಗರ್ಭಿಣಿಯಾಗಿದ್ದಾಗಿನ ಸ್ಕ್ಯಾನಿಂಗ್ ಮತ್ತು ರಕ್ತ ಪರೀಕ್ಷೆಯ ವರದಿಗಳು
- ಆಸ್ಪತ್ರೆಗೆ ಸೇರಿಸಿಕೊಂಡ ಹೊತ್ತು ಬರೆದಿರುವ ಕೇಸ್ ಶೀಟ್, ನರ್ಸುಗಳ ಟಿಪ್ಪಣಿ
- ಪಾರ್ಟೋಗ್ರಾಫ್: ಹೆರಿಗೆ ಹೇಗೆ ಮುಂದುವರಿಯಿತು, ಮಗುವಿನ ಎದೆಬಡಿತ ಎಷ್ಟಿತ್ತು ಅಂತ ಗಂಟೆಗಂಟೆಗೂ ಗುರುತು ಮಾಡುವ ಹಾಳೆ
- ಆಪರೇಷನ್ ಆಗಿದ್ದರೆ, ಯಾವಾಗ ತೀರ್ಮಾನ ಮಾಡಿದರು, ಯಾವಾಗ ಮಾಡಿದರು ಅನ್ನುವ ವಿವರ
- ಅಪ್ಗಾರ್ ಅಂಕ: ಹುಟ್ಟಿದ 1 ನಿಮಿಷಕ್ಕೂ 5 ನಿಮಿಷಕ್ಕೂ ಮಗುವಿನ ಸ್ಥಿತಿಗೆ ಕೊಡುವ ಅಂಕ, ಹತ್ತಕ್ಕೆ ಎಷ್ಟು ಅಂತ
- ಮಗುವನ್ನು ಐ.ಸಿ.ಯು.ನಲ್ಲಿ ಇಟ್ಟಿದ್ದರೆ ಅಲ್ಲಿನ ಎಲ್ಲಾ ಕಾಗದ, ಮೆದುಳಿನ ಎಂ.ಆರ್.ಐ. ಇದ್ದರೆ ಅದರ ವರದಿ
- ಬೇರೆ ಆಸ್ಪತ್ರೆಗೆ ಕಳಿಸಿದ ಚೀಟಿ, ಡಿಸ್ಚಾರ್ಜ್ ಸಾರಾಂಶ, ಎಲ್ಲಾ ಬಿಲ್ಲು ಮತ್ತು ರಸೀದಿಗಳು

ಡಿಸ್ಚಾರ್ಜ್ ಕಾಗದದಲ್ಲಿ ಎಚ್.ಐ.ಇ. ಅಥವಾ ಬರ್ತ್ ಅಸ್ಫಿಕ್ಸಿಯಾ ಅಂತ ಬರೆದಿದ್ದರೆ, ಹುಟ್ಟುವ ಹೊತ್ತಿನಲ್ಲಿ ಮಗುವಿಗೆ ಉಸಿರು ಸಾಕಾಗಲಿಲ್ಲ ಅಂತ ಅರ್ಥ. ಆ ಪದ ಇದೆಯೋ ಇಲ್ಲವೋ ನೋಡಿಕೊಳ್ಳಿ.

"ಕಾಗದ ಕೊಡಲ್ಲ ಅಂತಾರೆ" ಅಂತ ಬಹಳ ಜನ ಹೇಳ್ತಾರೆ. ಆದರೆ ಕೊಡಲೇಬೇಕು. 2002ರ ಭಾರತೀಯ ವೈದ್ಯಕೀಯ ಮಂಡಳಿಯ ನಿಯಮಾವಳಿಯ ಪ್ರಕಾರ, ರೋಗಿ ಅಥವಾ ಅವರ ಕಡೆಯವರು ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಅದೇ ನಿಯಮದಂತೆ ಒಳರೋಗಿಗಳ ದಾಖಲೆಯನ್ನು 3 ವರ್ಷ ಇಟ್ಟುಕೊಳ್ಳಬೇಕು. ಹಾಗಂದರೆ 3 ವರ್ಷ ಕಳೆದ ಮೇಲೆ ಹೋದರೆ "ಹರಿದು ಹಾಕಿದೀವಿ" ಅನ್ನಬಹುದು. ಬಾಯಿಮಾತಲ್ಲಿ ಕೇಳಬೇಡಿ. ಅರ್ಜಿ ಬರೆದು, ಒಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕದಿದ್ದರೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಸರ್ಕಾರಿ ಆಸ್ಪತ್ರೆಯಾದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಬಹುದು. 30 ದಿನದೊಳಗೆ ಉತ್ತರ ಬರಬೇಕು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕ ಇಲ್ಲ.

ದಾರಿ ಒಂದು: ಗ್ರಾಹಕರ ಆಯೋಗ

ದುಡ್ಡು ಕೊಟ್ಟು ಪಡೆದ ವೈದ್ಯಕೀಯ ಸೇವೆಯೂ ಗ್ರಾಹಕ ಕಾಯಿದೆಗೆ ಸೇರುತ್ತದೆ ಅಂತ ಸುಪ್ರೀಂ ಕೋರ್ಟು 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿತು. ಈಗ ಜಾರಿಯಲ್ಲಿರುವುದು 2019ರ ಗ್ರಾಹಕರ ಸಂರಕ್ಷಣಾ ಕಾಯಿದೆ. ಅದು 2020ರ ಜುಲೈಯಿಂದ ಜಾರಿಗೆ ಬಂತು.

ಎಲ್ಲಿ ಹಾಕಬೇಕು? ನಾವು ಆಸ್ಪತ್ರೆಗೆ ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ. ನಮ್ಮಂಥವರ ಪ್ರಕರಣ ಎಲ್ಲಾ ಅಲ್ಲಿಗೇ ಬರುತ್ತವೆ, ನಮಗೆ ಅದು ಮೈಸೂರಿನಲ್ಲಿ. ಹೆರಿಗೆ ಬೇರೆ ಜಿಲ್ಲೆಯಲ್ಲಿ ಆಗಿದ್ದರೂ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ತವರಿಗೆ ಹೆರಿಗೆಗೆ ಹೋಗಿದ್ದವರಿಗೆ ಇದರಿಂದ ಅನುಕೂಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ಸಲಹೆ ಬೇಕಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಯಾವಾಗ ಹಾಕಬೇಕು? ಎರಡು ವರ್ಷದೊಳಗೆ. ಇದನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಳ್ಳಿ. ಮಗುವಿನ ತೊಂದರೆ ಬಹಳ ಸಲ ಒಂದು ವರ್ಷ ಕಳೆದ ಮೇಲೇ ಗೊತ್ತಾಗುತ್ತದೆ. ಒಳಗೇ ಇದ್ದು ತಡವಾಗಿ ಕಾಣುವ ಹಾನಿಯಲ್ಲಿ, ಅದು ಗೊತ್ತಾದ ದಿನದಿಂದ ಅವಧಿ ಲೆಕ್ಕ ಹಾಕಬಹುದು ಅಂತ ಸುಪ್ರೀಂ ಕೋರ್ಟು 2010ರಲ್ಲಿ ಹೇಳಿದೆ. ತಡಕ್ಕೆ ತಕ್ಕ ಕಾರಣ ಇದ್ದರೆ ಆಯೋಗ ಮನ್ನಿಸಲೂಬಹುದು. ಆದರೆ ಮನ್ನಿಸಲೇಬೇಕು ಅಂತ ಇಲ್ಲ. ಆದ್ದರಿಂದ ಹುಟ್ಟಿದ ದಿನದಿಂದಲೇ ಎರಡು ವರ್ಷ ಅಂತ ಲೆಕ್ಕ ಇಟ್ಟುಕೊಳ್ಳುವುದೇ ಕ್ಷೇಮ.

ಯಾರ ಮೇಲೆ ಹಾಕಬೇಕು? ಯಾವ ಡಾಕ್ಟರು, ಯಾವ ನರ್ಸು ಅಂತ ಹೆಸರು ಗೊತ್ತಿಲ್ಲದಿದ್ದರೂ ಆಸ್ಪತ್ರೆಯ ಮೇಲೇ ದೂರು ಹಾಕಬಹುದು. ತನ್ನಲ್ಲಿ ಕೆಲಸ ಮಾಡುವವರ ತಪ್ಪಿಗೆ ಆಸ್ಪತ್ರೆಯೇ ಹೊಣೆ. 2004ರ ಸವಿತಾ ಗಾರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೀಗೆ ತೀರ್ಪು ಕೊಟ್ಟಿದೆ. ಮೇಲ್ನೋಟಕ್ಕೆ ತಪ್ಪು ಕಂಡುಬಂದರೆ, ನಾವು ಸರಿಯಾಗಿಯೇ ನೋಡಿಕೊಂಡೆವು ಅಂತ ತೋರಿಸುವ ಹೊಣೆ ಆಸ್ಪತ್ರೆಯದು ಅಂತಲೂ ಅದರಲ್ಲಿ ಹೇಳಿದೆ.

ತಜ್ಞ ಡಾಕ್ಟರ ಸಾಕ್ಷಿ ಬೇಕೇ? ಪ್ರತಿ ಪ್ರಕರಣಕ್ಕೂ ಕಡ್ಡಾಯ ಅಲ್ಲ ಅಂತ 2010ರ ಇನ್ನೊಂದು ತೀರ್ಪಿದೆ. ಆದರೆ ಸೆರೆಬ್ರಲ್ ಪಾಲ್ಸಿಯಲ್ಲಿ "ಇದು ಹೆರಿಗೆಯಲ್ಲಿ ಆದದ್ದಲ್ಲ, ಗರ್ಭದಲ್ಲೇ ಆದದ್ದು" ಅಂತ ಆಸ್ಪತ್ರೆಯವರು ವಾದ ಮಾಡುವುದು ಸಾಮಾನ್ಯ. ಹಾಗಾಗಿ ಆ ಆಸ್ಪತ್ರೆಗೆ ಸಂಬಂಧ ಇಲ್ಲದ ಒಬ್ಬ ಮಕ್ಕಳ ತಜ್ಞರು ಅಥವಾ ಹೆರಿಗೆ ತಜ್ಞರ ಲಿಖಿತ ಅಭಿಪ್ರಾಯ ಇದ್ದರೆ ದೂರಿಗೆ ಬಲ ಬರುತ್ತದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಆಗಿದ್ದರೆ?

ನಮ್ಮ ಸದಸ್ಯರ ಹೆರಿಗೆ ಹೆಚ್ಚಾಗಿ ಸರ್ಕಾರಿ ಆಸ್ಪತ್ರೆಯಲ್ಲೇ ಆಗುವುದರಿಂದ ಇದನ್ನು ಚೆನ್ನಾಗಿ ತಿಳಿದಿರಬೇಕು. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಯ ಮೇಲೆ ಗ್ರಾಹಕರ ಆಯೋಗಕ್ಕೆ ಹೋಗಲಿಕ್ಕಾಗದು. ಆದರೆ ಕೆಲವರಿಂದ ಹಣ ತೆಗೆದುಕೊಂಡು, ಬಡವರಿಗೆ ಮಾತ್ರ ಉಚಿತ ಮಾಡುವ ಆಸ್ಪತ್ರೆಯಾದರೆ, ಉಚಿತವಾಗಿ ಚಿಕಿತ್ಸೆ ಪಡೆದವರೂ ಹೋಗಬಹುದು. ನಮ್ಮ ಪರವಾಗಿ ವಿಮಾ ಕಂಪನಿ ಹಣ ಕಟ್ಟಿದ್ದರೂ ಅದು ಉಚಿತ ಸೇವೆ ಅನ್ನಿಸಿಕೊಳ್ಳುವುದಿಲ್ಲ. ಇವೆಲ್ಲ ಶಾಂತಾ ಪ್ರಕರಣದಲ್ಲೇ ಹೇಳಿರುವ ಮಾತು.

ಗ್ರಾಹಕರ ಆಯೋಗಕ್ಕೆ ಬರದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರದ ದಾವೆ ಹಾಕಬಹುದು. ಸರ್ಕಾರದ ಮೇಲೆ ದಾವೆ ಹಾಕುವ ಮುಂಚೆ ಎರಡು ತಿಂಗಳ ನೋಟಿಸು ಕೊಡಬೇಕು. ಸರ್ಕಾರಿ ವೈದ್ಯರ ನಿರ್ಲಕ್ಷ್ಯಕ್ಕೆ ಸರ್ಕಾರವೇ ಹೊಣೆ ಅಂತ 2000ದ ಸಂತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿದೆ. ತುರ್ತು ಹೊತ್ತಿನಲ್ಲಿ ಸರ್ಕಾರಿ ಆಸ್ಪತ್ರೆಗಳು ಚಿಕಿತ್ಸೆ ಕೊಡದೆ ಕಳಿಸಿದರೆ ಅದು ಜೀವದ ಹಕ್ಕಿನ ಉಲ್ಲಂಘನೆ ಅಂತ 1996ರಲ್ಲಿ ಪಶ್ಚಿಮ ಬಂಗಾಳದ ಒಂದು ಪ್ರಕರಣದಲ್ಲಿ ಹೇಳಿದೆ. ಇಂಥ ಸಂದರ್ಭದಲ್ಲಿ ಹೈಕೋರ್ಟಿಗೂ ಹೋಗುವ ದಾರಿ ಇದೆ.

ಸಿವಿಲ್ ದಾವೆಯಲ್ಲಿ ಅಪ್ರಾಪ್ತ ಮಕ್ಕಳಿಗೆ ಅವಧಿಯಲ್ಲಿ ರಿಯಾಯಿತಿ ಇದೆ. ಆದರೆ ಅದನ್ನು ನಂಬಿ ಕೂತರೆ ಅಷ್ಟರಲ್ಲಿ ದಾಖಲೆಗಳೂ ಇರುವುದಿಲ್ಲ, ಸಾಕ್ಷಿಗಳೂ ಇರುವುದಿಲ್ಲ.

ನ್ಯಾಯಾಲಯಗಳು ನಿಜವಾಗಿ ಪರಿಹಾರ ಕೊಟ್ಟಿವೆಯೇ?

ಕೊಟ್ಟಿವೆ. ದೆಹಲಿಯ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯಲ್ಲಿ ನರ್ಸು ಕೊಟ್ಟ ತಪ್ಪು ಇಂಜೆಕ್ಷನ್ನಿನಿಂದ ಒಂದು ಮಗುವಿನ ಮೆದುಳಿಗೆ ಪೂರ್ತಿ ಹಾನಿಯಾಯಿತು. 1998ರಲ್ಲಿ ಸುಪ್ರೀಂ ಕೋರ್ಟು ಮಗುವಿಗೆ 12.5 ಲಕ್ಷ, ತಂದೆತಾಯಿಗೆ ಬೇರೆಯಾಗಿ 5 ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು. ಮಗು ಮಾತ್ರ ಅಲ್ಲ, ಮಗುವನ್ನು ಆಸ್ಪತ್ರೆಗೆ ಸೇರಿಸಿದ ತಂದೆತಾಯಿಯೂ ಗ್ರಾಹಕರೇ, ಅವರ ಸಂಕಟಕ್ಕೂ ಬೆಲೆ ಇದೆ ಅಂತ ಆ ತೀರ್ಪು ಹೇಳಿತು.

ಚೆನ್ನೈನ ಎಗ್ಮೋರ್ ಸರ್ಕಾರಿ ಆಸ್ಪತ್ರೆಯಲ್ಲಿ 1996ರಲ್ಲಿ ದಿನ ತುಂಬದೆ ಹುಟ್ಟಿದ ಒಂದು ಹೆಣ್ಣುಮಗುವಿಗೆ, ಅಂಥ ಮಕ್ಕಳಿಗೆ ಮಾಡಲೇಬೇಕಾದ ಕಣ್ಣಿನ ಪರೀಕ್ಷೆ ಮಾಡಲಿಲ್ಲ. ಮಗು ಕುರುಡಾಯಿತು. 2015ರಲ್ಲಿ ಸುಪ್ರೀಂ ಕೋರ್ಟು ಸುಮಾರು 1 ಕೋಟಿ 80 ಲಕ್ಷ ರೂಪಾಯಿ ಕೊಡಿಸಿತು. ಇದು ಸರ್ಕಾರಿ ಆಸ್ಪತ್ರೆಯ ಪ್ರಕರಣ ಅನ್ನುವುದನ್ನು ಗಮನಿಸಿ. ಇದೇ ತರಹದ ಇನ್ನೊಂದು ಪ್ರಕರಣದಲ್ಲಿ 2019ರಲ್ಲಿ 76 ಲಕ್ಷ ಕೊಡಿಸಿತು.

ಇವು ಸೆರೆಬ್ರಲ್ ಪಾಲ್ಸಿಯ ಪ್ರಕರಣಗಳಲ್ಲ, ಆದರೆ ಹೊಸದಾಗಿ ಹುಟ್ಟಿದ ಮಗುವಿನ ಬಗ್ಗೆ ಆಸ್ಪತ್ರೆಗೆ ಎಷ್ಟು ಹೊಣೆ ಇದೆ ಅನ್ನುವುದು ಇವುಗಳಿಂದ ತಿಳಿಯುತ್ತದೆ. ಜೊತೆಗೆ ಇನ್ನೊಂದು ಲೆಕ್ಕವನ್ನೂ ನೋಡಿ. 1996ರಲ್ಲಿ ಹುಟ್ಟಿದ ಮಗುವಿಗೆ ಕೊನೆಯ ತೀರ್ಪು ಬಂದದ್ದು 2015ರಲ್ಲಿ. ಮಗುವಿಗೆ ಆಗ 18 ತುಂಬಿತ್ತು. ಕೇಸು ಹಾಕುವವರು ಇದನ್ನು ತಿಳಿದೇ ಹಾಕಬೇಕು. "ಪರಿಹಾರ ಬರಲಿ, ಆಮೇಲೆ ಮಗುವಿಗೆ ವ್ಯಾಯಾಮ ಮಾಡಿಸೋಣ" ಅಂತ ಕಾಯುವಂತಿಲ್ಲ.

ಜಪಾನ್ ದೇಶದಲ್ಲಿ 2009ರಿಂದ ಬೇರೆ ವ್ಯವಸ್ಥೆ ಇದೆ. ಹೆರಿಗೆಯಲ್ಲಿ ಮಗುವಿಗೆ ತೀವ್ರ ಸೆರೆಬ್ರಲ್ ಪಾಲ್ಸಿ ಆದರೆ, ನಿಗದಿಯಾದ ನಿಯಮಗಳಿಗೆ ಒಳಪಟ್ಟಿದ್ದರೆ, ಯಾರ ತಪ್ಪು ಅಂತ ಕೇಳದೆ ಒಟ್ಟು 3 ಕೋಟಿ ಯೆನ್ ಕಂತಿನಲ್ಲಿ ಕೊಡುತ್ತಾರೆ. ಯಾಕೆ ಹೀಗಾಯಿತು ಅಂತ ಬೇರೆಯಾಗಿ ಪರಿಶೀಲನೆ ಮಾಡಿ, ವರದಿಯನ್ನು ತಂದೆತಾಯಿಗೂ ಕೊಡುತ್ತಾರೆ. ನಮ್ಮ ದೇಶದಲ್ಲಿ ಇಂಥದ್ದಿಲ್ಲ. ನಮ್ಮಲ್ಲಿ ತಪ್ಪು ಸಾಬೀತು ಮಾಡಿದವರಿಗೆ ಮಾತ್ರ ಪರಿಹಾರ. ಇಂಥ ವ್ಯವಸ್ಥೆ ನಮಗೂ ಬೇಕು ಅಂತ ಒಕ್ಕೂಟಗಳು ಕೇಳಬಹುದು.

ದಾರಿ ಎರಡು: ಮಂಡಳಿ ಮತ್ತು ಪ್ರಾಧಿಕಾರಕ್ಕೆ ದೂರು

ಡಾಕ್ಟರ ನಡತೆಯ ಮೇಲೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಮಂಡಳಿಗೆ ದೂರು ಕೊಡಬಹುದು. ಮಂಡಳಿ ಎಚ್ಚರಿಕೆ ಕೊಡಬಹುದು, ಸ್ವಲ್ಪ ಕಾಲಕ್ಕೆ ಅಥವಾ ಕಾಯಂ ಆಗಿ ಹೆಸರು ತೆಗೆದು ಹಾಕಬಹುದು. ಖಾಸಗಿ ಆಸ್ಪತ್ರೆಯಾದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಇಲ್ಲಿ ಪರಿಹಾರದ ಹಣ ಸಿಗುವುದಿಲ್ಲ. ಆದರೆ ಮುಂದೆ ಇನ್ನೊಬ್ಬ ತಾಯಿಗೆ ಹೀಗಾಗದಂತೆ ತಡೆಯಲು ಇದು ಬೇಕು. ಇಲ್ಲಿಯ ವಿಚಾರಣೆಯಲ್ಲಿ ಹೊರಬರುವ ವಿಷಯ ಪರಿಹಾರದ ಕೇಸಿಗೂ ಸಹಾಯ ಆಗಬಹುದು.

ಪೊಲೀಸ್ ಕೇಸು ಹಾಕಬೇಕೇ?

ಸಿಟ್ಟಿನಲ್ಲಿ ಮೊದಲು ಹೋಗುವುದು ಠಾಣೆಗೇ. ಆದರೆ ಡಾಕ್ಟರ ಮೇಲೆ ಕ್ರಿಮಿನಲ್ ಕೇಸು ನಿಲ್ಲಬೇಕಾದರೆ ಸಾಧಾರಣ ನಿರ್ಲಕ್ಷ್ಯ ಸಾಲದು, ಘೋರ ನಿರ್ಲಕ್ಷ್ಯ ಇರಬೇಕು, ಬೇರೆ ವೈದ್ಯರ ಅಭಿಪ್ರಾಯವನ್ನು ಮೊದಲು ತೆಗೆದುಕೊಳ್ಳಬೇಕು ಅಂತ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿದೆ. ಕ್ರಿಮಿನಲ್ ಕೇಸಿನ ಗುರಿ ಶಿಕ್ಷೆ. ಮಗುವಿನ ಜೀವನಕ್ಕೆ ಬೇಕಾದ ಪರಿಹಾರಕ್ಕೆ ಅದು ಸರಿಯಾದ ದಾರಿ ಅಲ್ಲ.

ಆಸ್ಪತ್ರೆಯ ಗಾಜು ಒಡೆಯುವುದು, ಸಿಬ್ಬಂದಿ ಮೇಲೆ ಕೈ ಮಾಡುವುದು ಬೇಡವೇ ಬೇಡ. 2009ರ ರಾಜ್ಯ ಕಾಯಿದೆಯ ಪ್ರಕಾರ ಅದಕ್ಕೆ ಮೂರು ವರ್ಷದವರೆಗೆ ಜೈಲಿದೆ. ನ್ಯಾಯ ಕೇಳಬೇಕಾದವರೇ ಆರೋಪಿಗಳಾಗಿ ನಿಲ್ಲಬೇಕಾಗುತ್ತದೆ.

ವಕೀಲರಿಗೆ ದುಡ್ಡೆಲ್ಲಿಂದ?

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಡಿ ಹೆಂಗಸರಿಗೆ, ಮಕ್ಕಳಿಗೆ, ವಿಕಲಚೇತನರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಉಚಿತ ವಕೀಲರು ಸಿಗುತ್ತಾರೆ. ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇರುತ್ತದೆ. ಮಿರ್ಲೆ ಕಡೆಯವರು ಕೆ.ಆರ್. ನಗರದ ನ್ಯಾಯಾಲಯದಲ್ಲಿ ವಿಚಾರಿಸಿ. ಫೋನ್ ಸಹಾಯವಾಣಿ 15100. ಆಸ್ಪತ್ರೆಯ ಸೇವೆಯ ವಿಷಯವನ್ನು ರಾಜಿ ಮೂಲಕ ಬಗೆಹರಿಸಲು ಖಾಯಂ ಜನತಾ ನ್ಯಾಯಾಲಯವೂ ಇದೆ. ಅದರ ಬಗ್ಗೆಯೂ ಅಲ್ಲೇ ಕೇಳಿ.

ಎರಡು ಎಚ್ಚರಿಕೆ ಮಾತು. "ಪರಿಹಾರ ಬಂದರೆ ಅರ್ಧ ನನಗೆ" ಅನ್ನುವ ವಕೀಲರನ್ನು ಒಪ್ಪಬೇಡಿ. ಪರಿಹಾರದಲ್ಲಿ ಪಾಲು ಕೇಳುವುದು ವಕೀಲರ ನಿಯಮಕ್ಕೇ ವಿರುದ್ಧ. ಇನ್ನೊಂದು, ಆಸ್ಪತ್ರೆಯವರು ಸ್ವಲ್ಪ ಹಣ ಕೊಟ್ಟು "ಇಲ್ಲಿ ಒಂದು ಸೈನ್ ಹಾಕಿ" ಅಂದರೆ, ಓದಿಸಿ ಕೇಳದೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಬೇಡಿ. ಮುಂದೆ ಏನೂ ಕೇಳುವುದಿಲ್ಲ ಅಂತ ಅದರಲ್ಲಿ ಬರೆದಿರಬಹುದು.

ತಪ್ಪು ಯಾರದೇ ಆಗಲಿ, ಮಗುವಿಗೆ ಇರುವ ಹಕ್ಕುಗಳು

ಇವಕ್ಕೆ ಕೇಸು ಬೇಡ, ತಪ್ಪು ಸಾಬೀತು ಮಾಡುವುದೂ ಬೇಡ. ಇವತ್ತೇ ಶುರು ಮಾಡಬಹುದು.

ಗುರುತಿನ ಚೀಟಿ: 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ನ್ಯೂನತೆಗಳನ್ನು ಹೆಸರಿಸಿದೆ. ಸೆರೆಬ್ರಲ್ ಪಾಲ್ಸಿ ಅದರಲ್ಲಿದೆ. ಯು.ಡಿ.ಐ.ಡಿ. ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಿ ವೈದ್ಯರ ತಪಾಸಣೆಗೆ ಹೋಗಬೇಕು. ಶೇಕಡಾ 40 ಅಥವಾ ಹೆಚ್ಚು ನ್ಯೂನತೆ ಇದ್ದರೆ ಹೆಚ್ಚಿನ ಸೌಲಭ್ಯಗಳು ಸಿಗುತ್ತವೆ. ಪ್ರತಿ ಗ್ರಾಮ ಪಂಚಾಯಿತಿಗೂ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಇರಬೇಕು. ಅರ್ಜಿ ಹಾಕಿಸುವುದು ಅವರ ಕೆಲಸ, ಕೇಳಿ ಮಾಡಿಸಿಕೊಳ್ಳಿ.

ಮಾಸಾಶನ: ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಶೇಕಡಾ 75ಕ್ಕಿಂತ ಹೆಚ್ಚು ನ್ಯೂನತೆ ಇದ್ದರೆ ಹೆಚ್ಚಿನ ದರ ಇದೆ. ಸೆರೆಬ್ರಲ್ ಪಾಲ್ಸಿ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಪ್ರೋತ್ಸಾಹಧನವನ್ನೂ ರಾಜ್ಯ ಸರ್ಕಾರ ಘೋಷಣೆ ಮಾಡಿದೆ. ಅದನ್ನೂ ವಿಚಾರಿಸಿ.

ವಿಮೆ: 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿಯ ನಿರಾಮಯ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಇದೆ. ವ್ಯಾಯಾಮ ಚಿಕಿತ್ಸೆ, ಮಾತಿನ ಚಿಕಿತ್ಸೆ, ಔಷಧಿ ಖರ್ಚಿಗೂ ಬರುತ್ತದೆ. ಮೊದಲೇ ಕಾಯಿಲೆ ಇದೆ ಅಂತ ತಿರಸ್ಕರಿಸುವಂತಿಲ್ಲ.

ಶಾಲೆ: 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಮಗುವಿನ ಹಕ್ಕು. ಹತ್ತಿರದ ಶಾಲೆಗೋ ವಿಶೇಷ ಶಾಲೆಗೋ ಸೇರಿಸಬಹುದು. "ಇಂಥ ಮಗು ನಮ್ಮ ಶಾಲೆಗೆ ಬೇಡ" ಅನ್ನುವಂತಿಲ್ಲ. ಶಾಲೆಗೆ ಹೋಗಲಾಗದ ಮಗುವಿಗೆ ಮನೆಯಲ್ಲೇ ಕಲಿಸುವ ವ್ಯವಸ್ಥೆಯ ಬಗ್ಗೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಕೇಳಿ.

ಆಸ್ತಿ: ನ್ಯೂನತೆ ಇದೆ ಅಂತ ಮಗುವಿನ ಪಾಲು ಹೋಗುವುದಿಲ್ಲ. ಆಸ್ತಿ ಹೊಂದುವ, ಪಿತ್ರಾರ್ಜಿತ ಪಡೆಯುವ ಹಕ್ಕು ಎಲ್ಲರಂತೆ ಇದೆ. 18 ತುಂಬಿದ ಮೇಲೆ ಅಗತ್ಯ ಇದ್ದರೆ, ಜಿಲ್ಲಾಧಿಕಾರಿಗಳು ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪೋಷಕರ ನೇಮಕ ಮಾಡಿಸಿಕೊಳ್ಳಬಹುದು.

ಜೀವನಾಂಶ: "ಇಂಥ ಮಗು ಹೆತ್ತೆ" ಅಂತ ಗಂಡ ಬಿಟ್ಟುಹೋದ ಉದಾಹರಣೆಗಳು ನಮ್ಮ ಮಧ್ಯೆ ಇವೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿ ಹೆಂಡತಿಗೂ ಮಗುವಿಗೂ ಜೀವನಾಂಶ ಕೇಳಬಹುದು. ಇದು ಹಿಂದೆ 125ನೇ ಕಲಮು ಅಂತ ಇತ್ತು, 2024ರ ಜುಲೈಯಿಂದ ನಂಬರು ಬದಲಾಗಿದೆ. ನ್ಯೂನತೆಯಿಂದ ದುಡಿಯಲಾಗದ ಮಗುವಿಗೆ 18 ವರ್ಷ ಆದಮೇಲೂ ತಂದೆ ಕೊಡಬೇಕು. ನೀವು ವಾಸ ಇರುವ ಕಡೆಯೇ ಅರ್ಜಿ ಹಾಕಬಹುದು.

ಬೇಗ ಗುರುತಿಸುವುದು ಬಹಳ ಮುಖ್ಯ

ಐದು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಕೈಮುಷ್ಟಿ ಸದಾ ಬಿಗಿಹಿಡಿದೇ ಇದ್ದರೆ, ಒಂದೇ ಕಡೆಯ ಕೈ ಆಡಿಸುತ್ತಿದ್ದರೆ, ಹಾಲು ನುಂಗಲು ಕಷ್ಟಪಟ್ಟರೆ "ಮಗು ನಿಧಾನ, ಆಮೇಲೆ ಸರಿಹೋಗತ್ತೆ" ಅಂತ ಕಾಯಬೇಡಿ. ಆಶಾ ಕಾರ್ಯಕರ್ತೆಗೆ, ಅಂಗನವಾಡಿಗೆ ಬರುವ ಆರ್.ಬಿ.ಎಸ್.ಕೆ. ತಂಡಕ್ಕೆ ತೋರಿಸಿ. ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ ಇದೆ. ಮಾತು, ಕಿವಿ, ನುಂಗುವ ತೊಂದರೆಗೆ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಶಕ್ತಿ ಯೋಜನೆಯಲ್ಲಿ ತಾಯಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಚಿಕಿತ್ಸೆಗೆ ವಾರ ವಾರ ಹೋಗುವುದಕ್ಕೆ ಇದನ್ನು ಬಳಸಿಕೊಳ್ಳಿ.

ಸಂಘ ಏನು ಮಾಡಬಹುದು?

ಒಬ್ಬಳೇ ತಾಯಿ ಆಸ್ಪತ್ರೆಗೆ ಹೋಗಿ ದಾಖಲೆ ಕೇಳಿದರೆ ಗದರಿಸಿ ಕಳಿಸುತ್ತಾರೆ. ಸಂಘದ ನಾಲ್ಕು ಜನ ಜೊತೆಗೆ ಹೋಗಿ ಶಾಂತವಾಗಿ ಅರ್ಜಿ ಕೊಟ್ಟರೆ ಕೆಲಸ ಆಗುತ್ತದೆ. ಮಗು ಯಾವಾಗ ಹುಟ್ಟಿತು, ಯಾವಾಗ ತೊಂದರೆ ಗೊತ್ತಾಯಿತು, ಅರ್ಜಿ ಯಾವತ್ತು ಕೊಟ್ಟೆವು ಅನ್ನುವುದನ್ನು ತಾಯಿ ಒಪ್ಪಿದರೆ ನಡಾವಳಿ ಪುಸ್ತಕದಲ್ಲಿ ಬರೆದಿಡಿ, ಎರಡು ವರ್ಷದ ಗಡುವು ಮರೆಯುವುದಿಲ್ಲ. ಮಗುವನ್ನು ಚಿಕಿತ್ಸೆಗೆ ಕರೆದೊಯ್ಯುವ ದಿನ ಆ ತಾಯಿಯ ಕೂಲಿ ಹೋಗುತ್ತದೆ. ಅಂಥವರಿಗೆ ಸಾಲದ ಕಂತು ಮುಂದಕ್ಕೆ ಹಾಕುವ ತೀರ್ಮಾನ ಸಂಘ ಮಾಡಬಹುದು. ಎಲ್ಲಕ್ಕಿಂತ ಮೊದಲು, "ನಿನ್ನ ತಪ್ಪಲ್ಲ" ಅಂತ ಆಕೆಗೆ ಹೇಳುವವರು ಬೇಕು. ಸಭೆಗೆ ಮಗುವನ್ನೂ ಎತ್ತಿಕೊಂಡು ಬಾ ಅಂತ ಕರೆಯಿರಿ.

ಸಭೆಯಲ್ಲಿ ಚರ್ಚೆ ಮಾಡಲು:

1. ನಮ್ಮ ಊರಿನಲ್ಲಿ ಇಂಥ ಮಕ್ಕಳು ಎಷ್ಟು ಜನ? ಎಷ್ಟು ಜನಕ್ಕೆ ಯು.ಡಿ.ಐ.ಡಿ. ಕಾರ್ಡ್ ಆಗಿದೆ? ಮಾಸಾಶನ ಬರುತ್ತಿದೆಯೇ?
2. ಅವರಲ್ಲಿ ಎರಡು ವರ್ಷ ತುಂಬದ ಮಗು ಇದೆಯೇ? ಅದರ ಹೆರಿಗೆ ಕಾಗದಗಳು ತಾಯಿಯ ಕೈಯಲ್ಲಿ ಇವೆಯೇ?
3. ನಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಯಾರು? ಮುಂದಿನ ಸಭೆಗೆ ಅವರನ್ನು ಕರೆಸುವವರು ಯಾರು?
4. ಈಗ ಗರ್ಭಿಣಿಯಾಗಿರುವ ಸದಸ್ಯರಿಗೆ, ಹೆರಿಗೆಗೆ ಯಾವ ಆಸ್ಪತ್ರೆ, ರಾತ್ರಿ ಹೊತ್ತು ಅಲ್ಲಿ ಡಾಕ್ಟರು ಇರುತ್ತಾರೆಯೇ, ತುರ್ತು ಬಂದರೆ 108ಕ್ಕೆ ಫೋನ್ ಮಾಡುವವರು ಯಾರು ಅನ್ನುವುದು ಈಗಲೇ ತೀರ್ಮಾನ ಆಗಿದೆಯೇ?